ಪಾಸ್‌ವರ್ಡ್ ನನ್ನ ಕಡೆ ಭದ್ರ ಐತ್ರೀ

ಸಿಂಧನೂರಿನ ನಮ್ಮ ಮಾವನ ಅಕ್ಕಿ ಗಿರಣಿಗೆ ವೆಬ್‌ಸೈಟ್ ಮಾಡಿಕೊಟ್ಟವರು ಲಿಂಗಸುಗೂರಿನ ಕಂಪ್ಯೂಟರ್ ಅಂಗಡಿಯವರೊಬ್ಬರು. ಗಿರಣಿಯ ಹೆಸರಿನ ಇ-ಮೇಲ್ ಕೂಡ ಅವರ ಕೈಯಲ್ಲೇ ಇತ್ತು. ಬಂದದ್ದನ್ನು ಅವರೇ ತೆರೆದು, ಬೇಕೆನಿಸಿದ್ದನ್ನು ಮಾವನ ಫೋನಿಗೆ ದಾಟಿಸುತ್ತಿದ್ದರು. ಪಾಸ್‌ವರ್ಡ್ ಕೇಳಿದರೆ ಜೇಬು ತಟ್ಟಿಕೊಂಡು, "ನನ್ನ ಕಡೆ ಭದ್ರ ಐತ್ರೀ, ನಿಮಗ್ಯಾಕ ತ್ರಾಸು?" ಎನ್ನುತ್ತಿದ್ದರು. ಗಿರಣಿ ನಮ್ಮದು, ಹೆಸರು ನಮ್ಮದು, ಕೀಲಿ ಮಾತ್ರ ಅವರದು! ನಾನು ಅವರಂತೆ ಜೇಬು ತಟ್ಟಿ ಅಣಕಿಸಿದರೆ ಹಮಾಲರೆಲ್ಲ ನಗುತ್ತಿದ್ದರು.

ಒಂದು ದಿನ ಹೊಸ ವ್ಯಾಪಾರಿಯೊಬ್ಬರು ಮಾವನಿಗೆ ಫೋನ್ ಮಾಡಿದರು. "ನಮ್ಮಲ್ಲಿ ಆರ್ಡರ್ ಮೇಲ್‌ನಾಗೇ ಕಳಿಸಬೇಕ್ರಿ. ನಿಮಗ ಕಳಿಸಿದ್ದು ವಾಪಸ್ ಬರಾಕತ್ತೈತಿ. ಸಂಜೀ ತನಕ ನೋಡ್ತೀನಿ, ಆಮ್ಯಾಲ ಬ್ಯಾರೆ ಗಿರಣಿ."

ಲಿಂಗಸುಗೂರಿನವರು ಫೋನ್ ಎತ್ತಲಿಲ್ಲ. ಮಾವ, ನಾನು ಬೈಕ್ ಹತ್ತಿ, ಮಸ್ಕಿ ದಾಟಿ ಅವರ ಅಂಗಡಿಗೇ ನುಗ್ಗಿದೆವು. ಅವರು ನಮಗೆ ಕಾಣದಂತೆ ಟವೆಲ್ ಅಡ್ಡ ಹಿಡಿದು ಪಾಸ್‌ವರ್ಡ್ ಒತ್ತಿದರು. ಮೇಲ್ ಪೆಟ್ಟಿಗೆ ಭರ್ತಿಯಾಗಿತ್ತು. ಏನು ತುಂಬಿತ್ತೆಂದರೆ, ತಮ್ಮ ಗಿರಾಕಿಗಳಿಗೆಲ್ಲ ಅವರೇ ದಿನಾ ಕಳಿಸುವ ಶುಭೋದಯದ ಮೇಲ್‌ಗಳು! ಒಂದೊಂದರಲ್ಲೂ ಕೈಮುಗಿದ ಅವರದೇ ದೊಡ್ಡ ಫೋಟೊ!

"ನಿಮ್ಮ ಮ್ಯಾಲಿನ ಪ್ರೀತಿರೀ," ಎಂದು ಜೇಬು ತಟ್ಟಿಕೊಂಡರು.

ಒಂದೊಂದೇ ಶುಭೋದಯ ಅಳಿಸಿ ಜಾಗ ಮಾಡುವಷ್ಟರಲ್ಲಿ ಸಂಜೆ ದಾಟಿ, ಆರ್ಡರ್ ಬೇರೆ ಗಿರಣಿಯ ಪಾಲಾಗಿತ್ತು.

ಬರುವಾಗ ಮಸ್ಕಿಯಲ್ಲಿ ಚಹಾಕ್ಕೆ ನಿಂತೆವು. ಮಾವನನ್ನು ನಗಿಸಲೆಂದು ನಾನು ಜೇಬು ತಟ್ಟಿ ಅವರ ದನಿ ತೆಗೆದೆ. ಮಾವ ನಗಲಿಲ್ಲ.

"ಲೇ ಅಳಿಯಾ, ಅವನ ದನಿ ತಗದಿ, ಪಾಸ್‌ವರ್ಡ್ ತಗೀಲಿಲ್ಲಲೋ!"