ಗಿರಿಜಕ್ಕನ ಅಡುಗೆ ವಿಚಾರಣೆ

ನರ್ಸ್ ಗಿರಿಜಕ್ಕ ಸೂಜಿ ಚುಚ್ಚುವ ಮೊದಲು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು: “ನಿನ್ನೆ ಮನ್ಯಾಗ ಏನ ಅಡಿಗಿ ಮಾಡಿದ್ರಿ?” ಬ್ಯಾಡಗಿಯ ಆಸ್ಪತ್ರೆಯ ಇಂಜೆಕ್ಷನ್ ಕೋಣೆಯಲ್ಲಿ ಈ ಪ್ರಶ್ನೆಯಿಂದ ಪಾರಾದವರಿಲ್ಲ. ಉತ್ತರ ನೆನಪಿಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಹತ್ತಿ ಒತ್ತಿ, “ಏಳ್ರಿ, ಆತು” ಎನ್ನುತ್ತಿದ್ದರು. ಉತ್ತರವನ್ನು ಅವರು ಪೂರ್ತಿ ಕೇಳಿಸಿಕೊಂಡಿದ್ದನ್ನು ನಾನಂತೂ ಕಾಣೆ.

ನನ್ನನ್ನು ಅವರ ಬಳಿ ಕಳಿಸಿದ್ದು ಒಂದು ಬೀದಿನಾಯಿ. ನಾನು ಮೆಣಸಿನಕಾಯಿ ಪೇಟೆಯ ಅಂಗಡಿಯೊಂದರಲ್ಲಿ ಗುಮಾಸ್ತ. ಒಂದು ಸೀನು ಬಂದರೂ ಕೊನೆಗಾಲ ಬಂತೆಂದು ನಂಬುವವನು. ದಿನಕ್ಕೆ ನೂರು ಸಲ ಸೀನಿಸುವ ಪೇಟೆಯಲ್ಲಿ ಇದು ಸಣ್ಣ ಕಷ್ಟವಲ್ಲ. ಮೀನಖಂಡಕ್ಕೆ ನಾಯಿ ಹಲ್ಲು ಊರಿದ ಕೂಡಲೇ ನಮ್ಮ ಹಮಾಲರು ತಮಗೆ ಗೊತ್ತಿದ್ದ ಔಷಧಿ ಮಾಡಿದರು: ಗಾಯದ ತುಂಬ ಖಾರಪುಡಿ. ಅದೂ ಹೊಸ ಮಾಲಿನದು. ಕುಣಿಯುತ್ತಲೇ ಆಸ್ಪತ್ರೆ ಮುಟ್ಟಿದೆ.

ಗಿರಿಜಕ್ಕ ಕಾಲು ನೋಡಿದರು. “ನಾಯಿ ಕಚ್ಚೈತೋ, ಇಲ್ಲಾ ಕಾಲಿನ ಉಪ್ಪಿನಕಾಯಿ ಹಾಕಾಕತ್ತೀರೋ ಸಾವಕಾರ್ರ?” ನಳದ ಕೆಳಗೆ ಕೂಡಿಸಿ ಸಾಬೂನು ಕೊಟ್ಟರು. “ಹದಿನೈದು ನಿಮಿಷ ತೊಳೀರಿ. ನಾ ಗಡಿಯಾರ ನೋಡಾಕತ್ತೇನಿ.”

“ಸಿಸ್ಟರ್, ನಾ ಉಳೀತೇನ್ರಿ?”

“ಸೂಜಿ ಎಲ್ಲಾ ಮುಗಿಸಿದ್ರ ಉಳೀತೀರಿ. ಖಾರ ಹಚ್ಚಿಕೊಂಡು ಮನ್ಯಾಗ ಕುಂತಿದ್ರ ಯಾರಿಗೂ ಏನೂ ಮಾಡಾಕ ಬರ್ತಿದ್ದಿಲ್ಲ.” ಈ ಮಾತಿನಲ್ಲಿ ಮಾತ್ರ ನಗೆ ಇರಲಿಲ್ಲ.

ಅಂದು ಗಾಯದ ಸುತ್ತ ಚುಚ್ಚಿ, ಆಮೇಲೆ ಎರಡೂ ತೋಳಿಗೆ. ಮತ್ತೆ ಮೂರನೆಯ ದಿನ, ಏಳನೆಯ ದಿನ. ನಡುವೆ, ಹತ್ತು ದಿನ ನಾಯಿ ಬದುಕಿದರೆ ಅದಕ್ಕೆ ಹುಚ್ಚಿಲ್ಲವೆಂದು ಯಾರೋ ಹೇಳಿದ್ದಕ್ಕೆ, ನಾನು ದಿನಾ ಬಿಸ್ಕತ್ತು ಹಿಡಿದು ಆ ನಾಯಿಯ ಯೋಗಕ್ಷೇಮ ವಿಚಾರಿಸಲು ಹೋಗುತ್ತಿದ್ದೆ. ಗಿರಿಜಕ್ಕನಿಗೆ ಅದು ಗೊತ್ತಾಯಿತು. “ನಾಯಿ ಅರಾಮ ಐತಿ ಅಂತ ಕಡೀ ಸೂಜಿ ಬಿಟ್ಟೀರಿ ಮತ್ತ. ಇಪ್ಪತ್ತೆಂಟನೇ ದಿನ ಬರಬೇಕು,” ಎಂದು ಚೀಟಿಯ ಮೇಲಿನ ತಾರೀಖಿನ ಕೆಳಗೆ ಎರಡು ಗೆರೆ ಎಳೆದರು.

ಖರೇ ಹೇಳಬೇಕೆಂದರೆ, ಬಿಡಬೇಕೆಂದೇ ಇದ್ದೆ. ಬಿಸ್ಕತ್ತು ತಿಂದು ನಾಯಿ ನನಗಿಂತ ದುಂಡಗಾಗಿತ್ತು. ಆದರೆ ಚೀಟಿ ತೆಗೆದಾಗಲೆಲ್ಲ ಆ ಎರಡು ಗೆರೆ ದುರುಗುಟ್ಟಿ ನೋಡುತ್ತಿದ್ದವು. ಹೋದೆ. ಗಿರಿಜಕ್ಕ ಇರಲಿಲ್ಲ. ಹಿಂದಿನ ವಾರವೇ ನಿವೃತ್ತರಾಗಿ ರಾಣೆಬೆನ್ನೂರಿಗೆ, ಮಗಳ ಮನೆಗೆ ಹೋಗಿದ್ದರು.

ಹೊಸ ಸಿಸ್ಟರ್ ಏನೂ ಕೇಳದೆ ತೋಳು ಹಿಡಿದರು. ಕಣ್ಣು ಮುಚ್ಚಿ ನಾನೇ ಶುರು ಮಾಡಿದೆ: “ನಿನ್ನೆ ಮನ್ಯಾಗ ರೊಟ್ಟಿ, ಝುಣಕ, ಬದನಿಕಾಯಿ ಪಲ್ಯ…”

ಅವರು ಎರಡೂ ತೋಳಿಗೆ ಹತ್ತಿ ಒತ್ತಿ ನನ್ನ ಮುಖ ನೋಡಿದರು.

“ಮುಂಜಾನಿಂದ ನೀವು ನಾಕನೇದವ್ರು ನೋಡ್ರಿ. ಈ ಊರಾಗ ಸೂಜಿ ಕಂಡ ಕೂಡ್ಲೆ ಎಲ್ಲಾರೂ ಅಡಿಗಿ ಯಾಕ ಹೇಳ್ತಾರ್ರಿ?”