ಅಮೀನಾ ಅಕ್ಕನ ಮೊಬೈಲಿಗೆ ಓದಲು ಬಾರದ ನೋಟಿಸು

ಇವತ್ತು ಬೆಳಿಗ್ಗೆ ಯಾರೋ ಪುಣ್ಯಾತ್ಮರು ಮಲ್ಲಿಗೆ ಹೂವಿನ ಮೇಲೆ ಶುಭೋದಯ ಎಂದು ಬರೆದ ಚಿತ್ರ ಕಳಿಸಿದ್ದರು. ನೋಡಿದ್ದೇ ಮೈ ಉರಿಯಿತು. ಮಲ್ಲಿಗೆ ನಿನಗೇನು ಮಾಡಿತ್ತು ಎಂದು ನೀವು ಕೇಳಬಹುದು. ಅದು ಹೋದ ವರ್ಷದ ಕತೆ. ದಿನಚರಿ ಬರೆಯುವ ಚಟದ ನನ್ನ ಬಳಿ ತಾರೀಖಿನ ಸಮೇತ ಇದೆ. ಆ ತಾರೀಖುಗಳನ್ನೆಲ್ಲ ಹೇಳಿ ನಿಮಗೆ ಬೇಸರ ತರುವುದಿಲ್ಲ.

ಅಣ್ಣಿಗೇರಿ ಕಡೆಯ ಊರು ನಮ್ಮದು. ಪಕ್ಕದ ಮನೆಯ ಅಮೀನಾ ಅಕ್ಕನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅವಳ ಮೊಬೈಲು ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುತ್ತದೆ, ಅದೂ ಎಂಥ ವೇಗದಲ್ಲಿ! ನಾನು ಒಂದು ಪದ ಹಿಡಿಯುವಷ್ಟರಲ್ಲಿ ಅವಳು ಇಡೀ ಸುದ್ದಿ ಮುಗಿಸಿ, "ನಿನ್ನ ಕಿವಿ ಭಾಳ ಸಾವಕಾಶ ಐತಿ ಬಿಡಲೇ" ಎಂದು ನಗುತ್ತಾಳೆ. ಆದರೆ ಅಕ್ಷರಗಳ ಫೋಟೊ ಹಾಕಿದರೆ ಆ ಮೊಬೈಲು "ಚಿತ್ರ" ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಮೊದಲು ಊರಲ್ಲಿ ಡಂಗುರ ಸಾರುತ್ತಿದ್ದರು. ಹಲಗೆ ಬಡಿದು ಓಣಿ ಓಣಿಯಲ್ಲಿ ಕೂಗಿದ ಮಾತು ಎಲ್ಲರ ಕಿವಿಗೂ ಒಂದೇ ಸಮ ಬೀಳುತ್ತಿತ್ತು. ಆಮೇಲೆ ಪಂಚಾಯಿತಿ ಸುಧಾರಿಸಿತು. ನೋಟಿಸಿನ ಫೋಟೊ ತೆಗೆದು ವೆಬ್‌ಸೈಟಿಗೂ ಊರಿನ ವಾಟ್ಸ್ಯಾಪ್ ಗುಂಪಿಗೂ ಹಾಕತೊಡಗಿದರು. ಅಂಗವಿಕಲರ ಬಸ್ ಪಾಸ್ ನವೀಕರಿಸುವ ಶಿಬಿರದ ಸುದ್ದಿಯೂ ಹಾಗೇ ಒಂದು ಮುಂಜಾನೆ ಬಂತು. ಮುಂಜಾನೆ ಬರುವ ಚಿತ್ರಗಳು ಎಂಥವೆಂದು ನಿಮಗೂ ಗೊತ್ತು. ಇದೂ ಹೂವೋ ದೇವರೋ ಇರಬೇಕೆಂದು ಅಕ್ಕ ಬೆರಳಲ್ಲಿ ಸರಿಸಿಬಿಟ್ಟಳು.

ಪಾಸ್ ತಪ್ಪಿತು. ಅದರ ಮೇಲೆಯೇ ದಿನಾ ಧಾರವಾಡಕ್ಕೆ ಹೋಗಿ ಕಲಿಯುತ್ತಿದ್ದ ಕಂಪ್ಯೂಟರ್ ತರಬೇತಿ ಅರ್ಧಕ್ಕೆ ನಿಂತಿತು.

ಕೇಳಲು ಇಬ್ಬರೂ ಪಂಚಾಯಿತಿಗೆ ಹೋದೆವು. ವೆಬ್‌ಸೈಟಿನಲ್ಲಿ ಹಾಕಿದ್ದೇವಲ್ಲ, ಊರಿಂದ ಒಬ್ಬರೂ ಶಿಬಿರಕ್ಕೆ ಹೋಗಲಿಲ್ಲ, ಜನಕ್ಕೇ ಬೇಕಾಗಿಲ್ಲ ಎಂದ, ಅಲ್ಲಿ ಕಂಪ್ಯೂಟರಿನ ಮುಂದೆ ಕೂತವನು.

"ಕಣ್ಣಿಲ್ಲದವರನ್ನ ಕರ್ಯಾಕ ಚಿತ್ರಾ ತೋರ್ಸೀರಿ," ಎಂದಳು ಅಕ್ಕ. "ಬರಲಿಲ್ಲಂತ ಮತ್ತ ನಮ್ಮ ಮ್ಯಾಲೇ ಹಾಕ್ತೀರಿ. ಅಗದಿ ಚಲೋ ಐತ್ರಿ ನಿಮ್ಮ ಕೆಲಸ."

ನನ್ನ ಸಿಟ್ಟು ಇದಕ್ಕೇ. ಆ ನೋಟಿಸು ಮೊದಲು ಅದೇ ಕಂಪ್ಯೂಟರಿನಲ್ಲಿ ಟೈಪಾಗಿತ್ತು. ಅದನ್ನು ಪ್ರಿಂಟ್ ತೆಗೆದು, ಸಹಿ ಮಾಡಿ, ಸಿಕ್ಕೆ ಒತ್ತಿ, ಆಮೇಲೆ ಫೋಟೊ ಹೊಡೆದಿದ್ದರು. ಸಿಕ್ಕೆ ಕಾಣದಿದ್ದರೆ ಜನ ನಂಬುವುದಿಲ್ಲವಂತೆ! ಓದಿಸಿಕೊಳ್ಳಲು ಸಿದ್ಧವಿದ್ದ ಅಕ್ಷರಗಳನ್ನು ಕೈಯಾರೆ ಮೂಕ ಮಾಡಿದರು. ಸಿಕ್ಕೆಯ ಫೋಟೊದ ಕೆಳಗೆ ಅದೇ ನಾಲ್ಕು ಸಾಲು ಅಂಟಿಸಲು ಎಷ್ಟು ಹೊತ್ತು ಬೇಕು? ಮನೆಗೆ ಬಂದು ವೆಬ್‌ಸೈಟಿನ ನೋಟಿಸುಗಳನ್ನೆಲ್ಲ ಎಣಿಸಿದೆ. ಎಲ್ಲವೂ ಫೋಟೊಗಳೇ. ಲೆಕ್ಕ ನೀಟಾಗಿ ಬರೆದಿಟ್ಟೆ. ಆ ಲೆಕ್ಕ ತೋರಿಸಿದರೆ ಕಂಡಕ್ಟರ್ ಬಸ್ಸು ಹತ್ತಿಸುವುದಿಲ್ಲ.

ಅಂದಿನಿಂದ ಗುಂಪಿಗೆ ಬಂದ ನೋಟಿಸನ್ನೆಲ್ಲ ನಾನೇ ಟೈಪು ಮಾಡಿ ಅಕ್ಕನಿಗೆ ಕಳಿಸುತ್ತೇನೆ. ಇವತ್ತು ಈ ವರ್ಷದ ಪಾಸಿನ ಶಿಬಿರದ ನೋಟಿಸು ಬಂತು, ಮತ್ತೆ ಫೋಟೊ. ಟೈಪು ಮಾಡಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅಕ್ಕ ಕೋಲು ಹಿಡಿದು ಬಾಗಿಲಿಗೆ ಬಂದಳು.

"ಓದಿದೆ. ನಾಳೆ ನೀ ಊರಾಗ ಇರಲಿಲ್ಲಂದ್ರ ನಾ ಯಾರ್ನ ಕೇಳ್ಲಿ? ನಡಿ, ಪಂಚಾಯ್ತಿಗೆ ಹೋಗೂಣು. ಆ ಕಂಪ್ಯೂಟರಿನವನ ಕೈಲೇ ಫೋಟೊದ ಕೆಳಗ ಬರಸೂಣು."

ದೊಡ್ಡ ಉಪಕಾರ ಮಾಡುತ್ತಿದ್ದೇನೆಂದು ಬೀಗಿದ್ದ ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವಳು ಓಣಿಯ ತಿರುವು ದಾಟಿದ್ದಳು.