ಅತ್ತೆ ಸುತ್ತಿದ ಬಟ್ಟೆ ಚಾಪೆ

ಹೊಲಿಗೆಯ ವಿಷಯದಲ್ಲಿ ನಾನು ದಡ್ಡಿ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಿಡ್ಲ್ ಸ್ಕೂಲಿನವರೆಗೆ ಓದಿದ್ದೇನೆ, ಊರಿನ ಅರ್ಧ ಜನಕ್ಕೆ ಕಾಗದ ಬರೆದುಕೊಟ್ಟಿದ್ದೇನೆ. ಸೂಜಿ ಹಿಡಿದರೆ ಮಾತ್ರ ದಾರ ನನ್ನ ಮಾತು ಕೇಳುವುದಿಲ್ಲ. ಸಹಿ ಹಾಕಲೂ ಬಾರದ ನನ್ನ ಅತ್ತೆ ಹರಟೆ ಹೊಡೆಯುತ್ತಲೇ, ಕೈಯ ಕಡೆ ನೋಡದೆ ಹೊಲಿಯುತ್ತಿದ್ದರು. ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಅವರ ಬಗ್ಗೆ ಬರೆಯೋಣವೆಂದು ಕೂತರೆ ಬೇರೇನೂ ಹೊಳೆಯದೆ, ಅವರು ಮಾಡುತ್ತಿದ್ದ ಬಟ್ಟೆ ಚಾಪೆಯೇ ಕಣ್ಣ ಮುಂದೆ ಬರುತ್ತದೆ.

ಅದು ನೇಯ್ದ ಚಾಪೆಯಲ್ಲ, ಬಾಗಿಲಲ್ಲಿ ಕಾಲೊರೆಸಲು ಹಾಸುವ ದುಂಡನೆಯ ಚಾಪೆ. ಹಳೆಯ ಬಟ್ಟೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದು, ಕಿರುಬೆರಳಿನ ಗಾತ್ರದ ಹತ್ತಿ ಹಗ್ಗಕ್ಕೆ ಒತ್ತೊತ್ತಾಗಿ ಸುತ್ತಬೇಕು. ಆ ಹಗ್ಗವನ್ನು ನಡುವಿನಿಂದ ಸುರುಳಿಯಾಗಿ ಬಳಸುತ್ತ, ಪ್ರತಿ ಸುತ್ತನ್ನೂ ಹಿಂದಿನ ಸುತ್ತಿಗೆ ಗೋಣಿಚೀಲ ಹೊಲಿಯುವ ದಬ್ಬಳದಿಂದ ಹೊಲಿಯುತ್ತ ಹೋಗಬೇಕು. ಹಗ್ಗ ಕೊಣನೂರು ಸಂತೆಯದು. ಅಲ್ಲಿಗೆ ಕೊಟ್ಟ ನನ್ನ ನಾದಿನಿ ಜಯಮ್ಮ ನಮ್ಮೂರು ಹಳೇಕೋಟೆಗೆ ಬರುವಾಗಲೆಲ್ಲ ತಾಯಿಗೆಂದು ಒಂದು ಕಟ್ಟು ಹಗ್ಗ ತರುತ್ತಿದ್ದಳು.

ಇದನ್ನು ಯಾರು ಕಲಿಸಿದರು ಎಂದು ಅತ್ತೆಯನ್ನು ಒಮ್ಮೆ ಕೇಳಿದೆ. "ಯಾರ್ ಕಲುಸ್ತಾರವ್ವ? ಬಿಂದಿಗೆ ಹೊರೋ ಸಿಂಬೆ ನೋಡ್ದೆ. ಸಿಂಬೆ ನಡುವಿನ ತೂತು ಮುಚ್ಚುದ್ರೆ ಚಾಪೆ ಅಲ್ವಾ?" ಎಂದರು. ತಲೆಯ ಮೇಲೆ ಸಾವಿರ ಸಲ ಸಿಂಬೆ ಇಟ್ಟು ನೀರು ಹೊತ್ತವಳು ನಾನೂ. ನನಗೆ ಬಂದದ್ದು ಕತ್ತುನೋವು ಮಾತ್ರ.

ಒಂದು ಸಲ ನಾನೂ ಕೈ ಹಾಕಿದೆ. ಗಟ್ಟಿಯಾಗಿರಲಿ ಎಂದು ಹಲ್ಲು ಕಚ್ಚಿ ದಾರ ಎಳೆದೆ. ಆರನೇ ಸುತ್ತಿಗೆ ಅಂಚು ಮೇಲೆದ್ದಿತು. ಹತ್ತನೆಯದಕ್ಕೆ ಚಾಪೆ ಹೋಗಿ ಬುಟ್ಟಿಯಾಯಿತು. ಅತ್ತೆ ತಿರುಗಿಸಿ ನೋಡಿ, "ಬುಡು, ಕೋಳಿ ಮೊಟ್ಟೆ ಇಡಕ್ ಜಾಗ ಇಲ್ಲ ಅಂತಿತ್ತು" ಎಂದರು. ಮರುವಾರ ಕೋಳಿ ನಿಜಕ್ಕೂ ಅದರಲ್ಲಿ ಕಾವಿಗೆ ಕೂತಿತು. ಬಿಗಿಯಲ್ಲದ, ಸಡಿಲವೂ ಅಲ್ಲದ ಆ ಹದ ಅತ್ತೆಯ ಬೆರಳಿಗಷ್ಟೇ ಗೊತ್ತಿತ್ತು. ಸೊಸೆಯನ್ನೂ ಅವರು ಅದೇ ಹದದಲ್ಲಿ ಹಿಡಿದಿದ್ದರೆಂದು ಈಗ ಅನ್ನಿಸುತ್ತದೆ. ಆಗ ನನಗೆ ಎಳೆತವೊಂದೇ ತಿಳಿಯುತ್ತಿತ್ತು.

ಊರಿಗೆ ಕರೆಂಟು ಬಂದ ವರ್ಷ ಶುರುಮಾಡಿದ ಚಾಪೆಯೇ ಅವರ ಕೊನೆಯದು. ಇನ್ನೊಂದು ಸುತ್ತು ಉಳಿದಿದ್ದಾಗ ಹೋಗಿಬಿಟ್ಟರು.

ಸತ್ತವರ ಬಟ್ಟೆಯನ್ನು ಮನೆಯಲ್ಲಿ ಉಳಿಸಿಕೊಳ್ಳದೆ ಮಡಿವಾಳರಿಗೆ ಕೊಟ್ಟುಬಿಡುವುದು ನಮ್ಮ ಕಡೆಯ ರೂಢಿ. ತಿಥಿಯ ಹಿಂದಿನ ದಿನ ಅತ್ತೆಯ ಸೀರೆಗಳನ್ನೆಲ್ಲ ಗಂಟು ಕಟ್ಟಿದೆವು. ಜಯಮ್ಮ ಚಾಪೆಯನ್ನೂ ಸುತ್ತಿ ಗಂಟಿನ ಪಕ್ಕ ಇಟ್ಟಳು.

"ಇದ್ಯಾಕೆ?" ಎಂದೆ.

"ಅವ್ವನ್ ಸೀರೆ ಇರಲ್ವಾ ಅತ್ಗೆ ಇದ್ರಲ್ಲಿ? ಮನೇಲಿ ಇಟ್ಕಬಾರ್ದು."

"ಎಲ್ಲಾರ್ದೂ ಅದೆ ಇದ್ರಲ್ಲಿ. ನಾನ್ ಕೊಡಕಿಲ್ಲ."

ಹಿಂದಿನ ಚಾಪೆಗಳೆಲ್ಲ ಸವೆದುಹೋಗಿದ್ದವು, ಅತ್ತೆಯದೆಂದು ನನಗೆ ಉಳಿಯುವುದು ಅದೊಂದೇ. ಆ ಮನೆ ಸೇರಿದ ಮೇಲೆ ನಾನು 'ಕೊಡಕಿಲ್ಲ' ಎಂದದ್ದು ಅದೇ ಮೊದಲು.

"ಅಂಗಾರೆ ನೋಡನ ಬಾ. ಅವ್ವಂದು ಒಂದ್ ಚೂರು ಸಿಕ್ಕುದ್ರೂ ಕೊಟ್ಬುಡ್ಬೇಕು ಕಣತ್ಗೆ."

ಜಗಲಿಯ ಬಿಸಿಲಿನಲ್ಲಿ ಕೂತು, ನಡುವಿನಿಂದ ಹೊರಕ್ಕೆ ಬೆರಳಾಡಿಸುತ್ತ ಹೋದೆವು. "ಇದ್ ಅಣ್ಣನ್ ಚಡ್ಡಿ. ಥೂ, ಎಷ್ಟ್ ಹರ್ದೋಗಿದ್ರೂ ಬುಟ್ಟಿಲ್ಲ. ಇದ್ ನನ್ ಲಂಗ. ಇದ್ಯಾರ್ದು?"

"ನಂದು. ನಾನ್ ಈ ಮನೆಗ್ ಬಂದ್ ವರ್ಷ ನಿಮ್ಮವ್ವ ಕೊಡ್ಸಿದ್ ಸೀರೆ."

ಮಕ್ಕಳ ಅಂಗಿಗಳು, ದಿಂಬಿನ ಚೀಲ, ಕೊನೆಗೆ, ಒಳಗೆ ಕೂತಿದ್ದ ಮಾವನ ಹಳೆಯ ಬಿಳಿ ಪಂಚೆ. ಹೊರ ಅಂಚು ಮುಟ್ಟಿದೆವು. ಅತ್ತೆಯ ಸೀರೆ ಒಂದು ಬೆರಳಗಲವೂ ಇರಲಿಲ್ಲ. ಆಮೇಲೆ ನೆನಪಾಯಿತು: ಅವರ ಸೀರೆಗಳು ಚಾಪೆಯವರೆಗೆ ಬರುತ್ತಲೇ ಇರಲಿಲ್ಲ. ಉಟ್ಟು ಉಟ್ಟು ಮೆತ್ತಗಾದ ಕೂಡಲೇ ಹಸುಗೂಸಿಗೆ ಹಾಸಲು, ಹೊದಿಸಲು ಹೋಗಿಬಿಡುತ್ತಿದ್ದವು. ನನ್ನ ಮಕ್ಕಳೂ ಜಯಮ್ಮನ ಮಕ್ಕಳೂ ಅವುಗಳಲ್ಲೇ ಮಲಗಿ ಬೆಳೆದವರು.

ನಾನು ಗೆದ್ದಿದ್ದೆ. ಚಾಪೆ ಉಳಿಯಿತು, ಅದರಲ್ಲಿ ಅತ್ತೆ ಇರಲಿಲ್ಲ. ಗೆದ್ದವಳ ಕಣ್ಣಲ್ಲೇ ನೀರು.

ಜಯಮ್ಮ ಗಂಟು ಬಿಚ್ಚಿ, ಹೋದ ಯುಗಾದಿಗೆ ತಂದು ಅತ್ತೆ ನಾಲ್ಕು ಸಲವೂ ಉಡದ ಕೆಂಪು ಸೀರೆಯಿಂದ ಪರ್ರನೆ ಒಂದು ಪಟ್ಟಿ ಹರಿದಳು.

"ಅಲ್ಲ ಕಣೆ, ಇಟ್ಕಬಾರ್ದು ಅಂದೋಳು ನೀನೆ!"

"ಅಂದೆ. ಈಗ ಸುಮ್ಕೆ ಹೊಲಿ. ಬುಟ್ಟಿ ಮಾಡ್ಬೇಡ."

ಅವಳು ಉಳಿದಿದ್ದ ಹಗ್ಗಕ್ಕೆ ಸುತ್ತುತ್ತ ಹೋದಳು, ನಾನು ಹೊಲಿದೆ. ಕಡೆಯ ಸುತ್ತು ಹಾಗೆ ಮುಗಿಯಿತು.

ಆಮೇಲೆ ಬಾಗಿಲಲ್ಲಿ ಹಾಸಿದ ಆ ಚಾಪೆಯನ್ನು ಯಾರೂ ತುಳಿಯಲೊಲ್ಲರು. ನಮ್ಮ ಯಜಮಾನರು ಅದನ್ನು ಕಾಲುವೆ ದಾಟಿದಂತೆ ದಾಟುತ್ತಿದ್ದರು, ಮಕ್ಕಳು ಹಾರುತ್ತಿದ್ದರು, ಜಯಮ್ಮ ಬಂದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡು ಪಕ್ಕದಲ್ಲಿ ಸರಿಯುತ್ತಿದ್ದಳು. ನಾನೂ ಕೆಲವು ತಿಂಗಳು ಹಾಗೇ ಮಾಡಿದೆ. ಒಂದು ದಿನ ಗದ್ದೆಯಿಂದ ಬಂದವಳು, ತಲೆಯ ಮೇಲೆ ಹುಲ್ಲಿನ ಹೊರೆ, ಕಾಲಿಗೆ ಕೆಸರು, ಕೆಳಗೆ ನೋಡದೆ ನೇರ ತುಳಿದುಬಿಟ್ಟೆ. ಮೈ ಜುಮ್ಮೆಂದಿತು. ಆದರೆ ಅಂಗಾಲಿಗೆ ಎಷ್ಟು ಮೆತ್ತಗಿತ್ತು! ಇದಕ್ಕೇ ಅಲ್ಲವೇ ಆ ಹೆಂಗಸು ಇಷ್ಟು ವರ್ಷ ಸುತ್ತಿದ್ದು ಎಂದುಕೊಂಡು ಇನ್ನೊಂದು ಕಾಲನ್ನೂ ಚೆನ್ನಾಗಿ ಒರೆಸಿದೆ.

ಕೆಸರಾದ ಮೇಲೆ ಒಗೆಯಲೇಬೇಕಲ್ಲ. ಮರುದಿನ ಒಗೆದು, ಮಡಚಿ ಹಿಂಡಿ, ಬಿಸಿಲಿಗೆ ಹರವಿದೆ. ಉಳಿದ ಬಟ್ಟೆಗಳು ಎಂದೋ ಬಣ್ಣ ಬಿಟ್ಟು ಮುಗಿಸಿದ್ದವು. ಹೊಸ ಸೀರೆ ಈಗ ಬಿಟ್ಟಿತ್ತು. ಕೆಂಪು ಪಕ್ಕದ ಪಂಚೆಗೆ ಇಳಿದು, ಅಂಗಿಗೆ, ಲಂಗಕ್ಕೆ ತೆಳುವಾಗುತ್ತ, ನಡುವಿನ ಚಡ್ಡಿಯವರೆಗೂ ಹೋಗಿತ್ತು. ನಾವು ಹಾಗೇ ದಾಟಿಕೊಂಡು ಓಡಾಡಿದ್ದರೆ ಅದು ಅಂಚಿನಲ್ಲೇ ಉಳಿದುಬಿಡುತ್ತಿತ್ತು. ಈಗ ಜಯಮ್ಮ ಬಂದು ಎಷ್ಟು ಹುಡುಕಿದರೂ ಅವಳಿಗೆ ಅವ್ವನ ಸೀರೆ ಇಲ್ಲದ ಸುತ್ತು ಸಿಗುವುದಿಲ್ಲ.